ಜಪಾನವೂ ನಮ್ಮ ಕರಾವಳಿಯೂ

(ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಉಪಾಧ್ಯಾಯರೂ ನಾಗರಿಕರೂ ಮಧುಗಿರಿಯಲ್ಲಿ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭಾಮಂದಿರದ ಹೊರಗೆ ನಿಂತು ತಲೆಯೆತ್ತಿದರೆ ಕಾಣುವ ಏಕಶಿಲೆಯ ಬೆಟ್ಟವನ್ನು ತಾವೆಲ್ಲರೂ ದಿನವೂ ನೋಡುತ್ತೀರಿ. ದಿನವೂ ನೋಡುವ ವಸ್ತುವನ್ನೇ ನಾವು ಕಾಣದೆ ಹೋಗುವುದೂ ಉಂಟು. ಆ ಬೆಟ್ಟದ ಮೇಲಿನ ಕೋಟೆಯಲ್ಲಿ 1763ರಿಂದ 1767ರವರೆಗೆ ಒಬ್ಬ ರಾಣಿ ಸೆರೆಯಲ್ಲಿದ್ದಳು. ಅವಳು ಕೆಳದಿ ಸಂಸ್ಥಾನದ ಕಡೆಯ ಅರಸಿ ವೀರಮ್ಮಾಜಿ. ಹೈದರಾಲಿಯು ಬಿದನೂರನ್ನು ಹಿಡಿದ ಮೇಲೆ ಅವಳನ್ನೂ ಅವಳ ದತ್ತುಪುತ್ರನನ್ನೂ ಇಲ್ಲಿಗೆ ತಂದಿರಿಸಿದನು. ಮರಾಟರ ಮಾಧವರಾಯ ಪೇಶ್ವೆಯು ಈ ದುರ್ಗವನ್ನು ಗೆದ್ದಾಗ ಅವಳಿಗೆ ಬಿಡುಗಡೆಯಾಯಿತು; ಆದರೆ ಪುಣೆಯ ದಾರಿಯಲ್ಲಿಯೇ ಅವಳು ತೀರಿಕೊಂಡಳು. ಮೆಣಸಿನ ಬಳ್ಳಿಯೊಂದೂ ಹಬ್ಬದ ಈ ಬಯಲು ಸೀಮೆಯ ಬಂಡೆಯ ಮೇಲೆ, ಮೆಣಸಿನ ನಾಡಿನ ಕಡೆಯ ರಾಣಿಯು ನಾಲ್ಕು ವರ್ಷ ಕಳೆದಳೆಂಬುದನ್ನು ನೆನೆದರೆ, ಕರಾವಳಿಯ ಚರಿತ್ರೆ ಬೇರೆ, ನಮ್ಮ ಚರಿತ್ರೆ ಬೇರೆ ಎಂಬ ಮಾತು ನಾಲಗೆಯಲ್ಲಿ ನಿಲ್ಲುವುದಿಲ್ಲ.

ಈ ಭಾಷಣಕ್ಕೆ ಕಾರಣವಾದುದು ಒಂದು ಪ್ರಶ್ನೆ. ಕೆಲವು ದಿನಗಳ ಹಿಂದೆ ಕೊರಟಗೆರೆಯ ಕಡೆಯ ಉಪಾಧ್ಯಾಯರೊಬ್ಬರು ನಮ್ಮನ್ನು ಕೇಳಿದರು: "ಸ್ವಾಮಿ, ಪರಂಗಿಗಳು ಬಂದಾಗ ಜಪಾನು ಬಾಗಿಲು ಮುಚ್ಚಿಕೊಂಡಿತು, ಸ್ವತಂತ್ರವಾಗಿ ಉಳಿಯಿತು. ನಾವು ಬಾಗಿಲು ತೆರೆದಿಟ್ಟೆವು, ಮನೆಯನ್ನೇ ಕಳೆದುಕೊಂಡೆವು. ನಮ್ಮ ಅರಸರೂ ಹಾಗೆಯೇ ಮುಚ್ಚಿದ್ದರೆ ಏನಾಗುತ್ತಿತ್ತು? ಹುಡುಗರು ಕೇಳುತ್ತಾರೆ, ಏನು ಹೇಳಲಿ?" ಪ್ರಶ್ನೆ ಸುಲಭವಾಗಿ ಕಂಡಿತು. ಮನೆಗೆ ಬಂದು ಯೋಚಿಸಿದಾಗ ಅದು ಅಷ್ಟು ಸುಲಭವಲ್ಲವೆಂದು ತಿಳಿಯಿತು. ಮಕ್ಕಳಿಗೆ ಹೇಳುವ ಉತ್ತರವಾದುದರಿಂದ ಅಂದಾಜಿನಲ್ಲಿ ಹೇಳಿ ಕೈತೊಳೆದುಕೊಳ್ಳುವಂತೆಯೂ ಇರಲಿಲ್ಲ. ಇಂದು ಚರಿತ್ರೆಯ ಹೆಸರಿನಲ್ಲಿ ಮಕ್ಕಳ ಮನಸ್ಸಿಗೆ ಹಾಕಿದ ತಪ್ಪು ಲೆಕ್ಕವನ್ನು ನಾಳೆ ನಾಡೇ ತೀರಿಸಬೇಕಾಗುತ್ತದೆ.

"ಹೀಗಾಗಿದ್ದರೆ" ಎಂದು ಕೇಳುವುದೇ ವ್ಯರ್ಥವೆಂದು ಕೆಲವು ಪಂಡಿತರು ಹೇಳುತ್ತಾರೆ. ವಕೀಲ ವೃತ್ತಿಯವರಾದ ನಾವು ಆ ಮಾತನ್ನು ಒಪ್ಪಲಾರೆವು. ನಷ್ಟ ಪರಿಹಾರದ ದಾವೆಯಲ್ಲಿ ನ್ಯಾಯಾಧೀಶರು ಕೇಳುವುದು ಇದೇ ಪ್ರಶ್ನೆಯನ್ನಲ್ಲವೆ? ಪ್ರತಿವಾದಿಯು ಕರಾರನ್ನು ಮುರಿಯದೆ ಇದ್ದಿದ್ದರೆ ವಾದಿಯ ಸ್ಥಿತಿ ಹೇಗಿರುತ್ತಿತ್ತು ಎಂಬುದನ್ನು ಊಹಿಸದೆ ಪರಿಹಾರದ ಮೊತ್ತವನ್ನು ಗೊತ್ತುಮಾಡುವುದು ಸಾಧ್ಯವಿಲ್ಲ. ಆದರೆ ಆ ಊಹೆಗೆ ಕಟ್ಟುಪಾಡುಗಳುಂಟು. ಒಂದು: ಆ ಕಾಲದ ಮನುಷ್ಯನಿಗೆ ನಿಜವಾಗಿ ತೆರೆದಿದ್ದ ದಾರಿಯನ್ನೇ ಊಹಿಸಬೇಕು. ಎರಡು: ಒಂದು ಸಂಗತಿಯನ್ನು ಬದಲಿಸಿದರೆ ಉಳಿದುದನ್ನು ಇದ್ದಂತೆಯೇ ಇಡಬೇಕು. ಮೂರು: ನಮಗೆ ಹಿತವಾದ ಫಲವನ್ನು ಮಾತ್ರವಲ್ಲ, ಅಹಿತವಾದುದನ್ನೂ ಬರೆದುಕೊಳ್ಳಬೇಕು. ಈ ಮೂರು ಕಟ್ಟುಗಳೊಳಗೆ ನಿಂತು ಉಪಾಧ್ಯಾಯರ ಪ್ರಶ್ನೆಯನ್ನು ವಿಚಾರ ಮಾಡೋಣ.

ಮೊದಲು ಜಪಾನಿನ ಸಾಕ್ಷ್ಯ. 1543ರಲ್ಲಿ ಪೋರ್ತುಗೀಸರು ತನೆಗಾಶಿಮಾ ದ್ವೀಪದಲ್ಲಿ ಕಾಲಿಟ್ಟರು. ಅವರೊಡನೆ ಬಂದೂಕು ಹೋಯಿತು. 1549ರಲ್ಲಿ ಪಾದ್ರಿ ಝೇವಿಯರ್ ಹೋದನು. 1571ರಿಂದ ನಾಗಸಾಕಿಯು ಅವರ ವ್ಯಾಪಾರದ ಬಂದರವಾಯಿತು. ಆ ಹಡಗುಗಳು ಎಲ್ಲಿಂದ ಹೊರಡುತ್ತಿದ್ದುವು? ನಮ್ಮ ಪಕ್ಕದ ಗೋವೆಯಿಂದ. ಗೋವೆಯ ಜನರು ಉಣ್ಣುತ್ತಿದ್ದ ಅಕ್ಕಿ ಎಲ್ಲಿಯದು? ಬಹುಪಾಲು ಬಸರೂರು, ಮಂಗಳೂರುಗಳ ಕಡೆಯದು. ಜಪಾನಿಗೆ ಹೋದ ಪರಂಗಿಯ ಹಡಗಿನ ಹಿಂದೆ ಕನ್ನಡ ಕರಾವಳಿಯ ಗದ್ದೆಯೂ ಇತ್ತೆಂದರೆ ಅತಿಶಯೋಕ್ತಿಯಾಗಲಾರದು.

ಆಗ ಜಪಾನು ಒಡೆದ ಮನೆ. ಪಾಳೆಯಗಾರರಂತಹ ಪ್ರಭುಗಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. 1600ರ ಯುದ್ಧದಲ್ಲಿ ಗೆದ್ದ ತೋಕುಗಾವ ಇಯೆಯಾಸುವು 1603ರಲ್ಲಿ ಶೋಗುನನಾದನು. 1615ರಲ್ಲಿ ಓಸಾಕಾ ಕೋಟೆ ಬಿದ್ದಾಗ ಎದುರಾಳಿಗಳು ಉಳಿಯಲಿಲ್ಲ. ಅವನು ಮೊದಲು ಬಾಗಿಲನ್ನು ಮುಚ್ಚಲಿಲ್ಲ. ಕೆಂಪು ಮುದ್ರೆಯ ರಹದಾರಿ ಕೊಟ್ಟು ಜಪಾನೀ ಹಡಗುಗಳನ್ನೇ ಸಯಾಮು, ಅನ್ನಾಮುಗಳವರೆಗೆ ಕಳುಹಿಸಿದನು. 1609ರಲ್ಲಿ ಡಚ್ಚರಿಗೂ 1613ರಲ್ಲಿ ಇಂಗ್ಲಿಷರಿಗೂ ಹಿರಾದೊ ಎಂಬಲ್ಲಿ ಕೋಠಿಗಳಾದುವು. ಬಾಗಿಲು ಬಿಗಿಯಾದುದು ಅವನ ಮೊಮ್ಮಗನ ಕಾಲದಲ್ಲಿ, 1633ರಿಂದ 1639ರೊಳಗೆ.

ಅದರ ನಡುವೆ ನಡೆದ ದಂಗೆಯೊಂದನ್ನು ತಾವು ಗಮನಿಸಬೇಕು. 1637ರ ಕೊನೆಯಲ್ಲಿ ಶಿಮಾಬಾರಾ ಎಂಬ ಪ್ರಾಂತದಲ್ಲಿ ರೈತರು ಎದ್ದರು. ಆ ಪ್ರಭುವು ಬೆಳೆ ಹೋದ ವರ್ಷವೂ ಕಂದಾಯವನ್ನು ಹಿಂಡಿ ವಸೂಲು ಮಾಡಿದ್ದನು. ಕ್ರೈಸ್ತರಾದ ರೈತರಿಗೆ ಕೊಟ್ಟ ಹಿಂಸೆಯೂ ಅದರೊಡನೆ ಸೇರಿತ್ತು. 30,000ಕ್ಕೂ ಹೆಚ್ಚು ಮಂದಿ, ಹೆಂಗಸರು ಮಕ್ಕಳು ಸಹಿತ, ಹಾರಾ ಎಂಬ ಹಾಳು ಕೋಟೆಯನ್ನು ಹೊಕ್ಕು ತಿಂಗಳುಗಟ್ಟಲೆ ಹೋರಾಡಿದರು. 1638ರಲ್ಲಿ ಕೋಟೆ ಬಿದ್ದಾಗ ಬಹುತೇಕ ಎಲ್ಲರನ್ನೂ ಕೊಂದರು. ಶೋಗುನನ ಪರವಾಗಿ ಕೋಟೆಯ ಮೇಲೆ ಗುಂಡು ಹಾರಿಸಿದವರಲ್ಲಿ ಡಚ್ಚರ ಹಡಗೂ ಒಂದು. ಆಮೇಲೆ ಶೋಗುನನ ಸರಕಾರವು ಆ ಪ್ರಭುವಿನ ತಲೆಯನ್ನೂ ತೆಗೆಯಿಸಿತು. ತಪ್ಪು ಕಂದಾಯದಲ್ಲಿ ಇತ್ತೆಂದು ಅವರಿಗೂ ಗೊತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಆದರೂ ಹೊರಗೆ ಹೇಳಿದ ಕಾರಣ ಪರಮತ. 1639ರಲ್ಲಿ ಪೋರ್ತುಗೀಸರನ್ನು ಹೊರಹಾಕಿದರು. 1641ರಲ್ಲಿ ಡಚ್ಚರನ್ನು ನಾಗಸಾಕಿಯ ಎದುರಿಗಿದ್ದ ದೇಜಿಮಾ ಎಂಬ ಸಣ್ಣ ಕೃತಕ ದ್ವೀಪದಲ್ಲಿ ಕೂರಿಸಿದರು.

ಇಲ್ಲಿ ನಮ್ಮ ಮೊದಲನೆಯ ತಪ್ಪು ತಿಳಿವಳಿಕೆ ಬಿಡಬೇಕು. ಜಪಾನು ಬಾಗಿಲನ್ನು ಮುಚ್ಚಲಿಲ್ಲ, ಬಾಗಿಲುಗಳನ್ನು ಎಣಿಸಿತು. ನಾಗಸಾಕಿಯಲ್ಲಿ ಡಚ್ಚರೂ ಚೀನೀಯರೂ, ತ್ಸುಷಿಮಾದ ಮೂಲಕ ಕೊರಿಯಾ, ಸಾತ್ಸುಮಾದ ಮೂಲಕ ರ‍್ಯುಕ್ಯು ದ್ವೀಪಗಳು, ಉತ್ತರದಲ್ಲಿ ಮತ್ಸುಮಾಯೆಯ ಮೂಲಕ ಐನು ಜನರು, ಹೀಗೆ ನಾಲ್ಕು ಬಾಗಿಲುಗಳ ವ್ಯಾಪಾರ ನಡೆಯುತ್ತಲೇ ಇತ್ತು. ಜಪಾನಿನ ತಾಮ್ರವು ಡಚ್ಚರ ಹಡಗಿನಲ್ಲಿ ಭಾರತದ ಬಂದರಗಳಿಗೂ ಬಂದಿತು. ಬಾಗಿಲು ಇತ್ತು, ಬೀಗದ ಕೈ ಒಬ್ಬರದೇ ಕೈಯಲ್ಲಿತ್ತು. ಇದೇ ನಿಜವಾದ ಸಂಗತಿ.

ಈಗ ನಮ್ಮ ಕರಾವಳಿಯ ಸಾಕ್ಷ್ಯ. ವಾಸ್ಕೊ ಡ ಗಾಮನ ನೌಕಾದಳವು 1502ರಲ್ಲಿಯೇ ಭಟ್ಕಳದ ಮೇಲೆ ಬಿದ್ದಿತ್ತು. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದುದು ಈ ಬಂದರಗಳಲ್ಲಿಯೇ. ವಿಜಯನಗರವು ಇಳಿದ ಮೇಲೆ ಮೆಣಸೂ ಅಕ್ಕಿಯೂ ಕೆಳದಿಯ ಅರಸರ ಕೈಗೆ ಬಂದುವು. ಪೋರ್ತುಗೀಸರು 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಹಾಕಿ ಕುಳಿತಿದ್ದರು. ಅವರ ಚೀಟಿಯಿಲ್ಲದೆ ನಮ್ಮ ಹಡಗು ನಮ್ಮ ಸಮುದ್ರದಲ್ಲಿಯೇ ಓಡುವಂತಿರಲಿಲ್ಲ. 1623ರಲ್ಲಿ ಗೋವೆಯಿಂದ ರಾಯಭಾರವೊಂದು ಘಟ್ಟವನ್ನೇರಿ ಇಕ್ಕೇರಿಗೆ ವೆಂಕಟಪ್ಪ ನಾಯಕನ ಬಳಿಗೆ ಬಂದಿತು; ಜೊತೆಯಲ್ಲಿ ಬಂದ ಇತಾಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಅದನ್ನೆಲ್ಲ ಬರೆದಿಟ್ಟಿದ್ದಾನೆ. ಮೆಣಸು ಬೇಕಾದವರು ಮೆಣಸು ಇದ್ದವನ ಬಾಗಿಲಿಗೆ ಬಂದುದು ಅದು. ಅನಂತರ ಶಿವಪ್ಪ ನಾಯಕನು 1652ರಿಂದ 1654ರೊಳಗೆ ಪೋರ್ತುಗೀಸರನ್ನು ಒಂದೊಂದೇ ಕೋಟೆಯಿಂದ ಹೊರಡಿಸಿದನು. ಜಪಾನು ಅವರನ್ನು ಹೊರಹಾಕಿದ್ದುದು 1639ರಲ್ಲಿ. ನಮ್ಮವರು ಹದಿನೈದೇ ವರ್ಷಗಳ ಅಂತರದಲ್ಲಿ ಅದೇ ಕೆಲಸವನ್ನು ಮಾಡಿದ್ದರು.

ಉಪಾಧ್ಯಾಯರ ಪ್ರಶ್ನೆ ನಿಲ್ಲಬೇಕಾದುದು ಇಲ್ಲಿ. 1654ರಲ್ಲಿ ಶಿವಪ್ಪ ನಾಯಕನು ಎಲ್ಲ ಬಂದರಗಳನ್ನೂ ಮುಚ್ಚಿ, ಒಂದನ್ನು ಮಾತ್ರ ನಾಗಸಾಕಿಯಂತೆ ಉಳಿಸಿಕೊಂಡಿದ್ದರೆ?

ನಮ್ಮ ಕಟ್ಟುಪಾಡಿನಂತೆ, ಆ ದಾರಿ ಅವನಿಗೆ ತೆರೆದಿತ್ತೆ ಎಂದು ಮೊದಲು ನೋಡಬೇಕು. ಜಪಾನಿಗೆ ಗೋವೆಯಿಂದ ಹಡಗು ಮುಟ್ಟಬೇಕಾದರೆ ಮಕಾವಿನಲ್ಲಿ ತಂಗಿ ಒಂದು ಮಳೆಗಾಲವನ್ನಾದರೂ ಕಾಯಬೇಕಾಗಿತ್ತು. ಬಸರೂರಿಗೆ ಗೋವೆಯಿಂದ ಕೆಲವೇ ದಿನಗಳ ಹಾದಿ. ಮೆಣಸನ್ನು ನಾವು ಕೊಡದಿದ್ದರೆ ಕೊಚ್ಚಿ, ಕಲ್ಲಿಕೋಟೆ, ಸುಮಾತ್ರಾಗಳು ಕೊಡುತ್ತಿದ್ದುವು. ದಂಡಿಗೆ ಕುದುರೆ ಸಮುದ್ರದಿಂದಲೇ ಬರಬೇಕಾಗಿತ್ತು. ಎಲ್ಲಕ್ಕಿಂತ ದೊಡ್ಡ ಮಾತು ಮತ್ತೊಂದು. ಶೋಗುನನ ಆಜ್ಞೆ ಜಪಾನಿನ ಎಲ್ಲ ತೀರದಲ್ಲಿಯೂ ನಡೆಯುತ್ತಿತ್ತು. ಕೆಳದಿಯ ಆಜ್ಞೆ ಎಲ್ಲಿಯವರೆಗೆ ನಡೆಯುತ್ತಿತ್ತು? ಅದೇ ವರ್ಷಗಳಲ್ಲಿ ಸಿರಾ ಬಿಜಾಪುರದ ಕೈಯಲ್ಲಿ, ಶಹಾಜಿಯ ಜಹಗೀರಿನಲ್ಲಿ ಇತ್ತು. ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗಗಳು ಇಲ್ಲಿಯ ಗೌಡ ಪ್ರಭುಗಳಲ್ಲಿ ಇದ್ದುವು; ಮೈಸೂರಿನ ಚಿಕ್ಕದೇವರಾಜ ಒಡೆಯರು ಅವನ್ನು ಗೆದ್ದುದು 1678ರ ಸುಮಾರಿಗೆ. ಪಾವಗಡ, ನಿಡುಗಲ್ಲುಗಳ ಬೆಟ್ಟಗಳಿಗೆ ಬೇರೆಯೇ ಪಾಳೆಯಗಾರರು. ಶ್ರೀರಂಗಪಟ್ಟಣದಲ್ಲಿ ಒಡೆಯರು. ಒಂದೇ ನುಡಿಯ ನಾಡಿನಲ್ಲಿ ಇಷ್ಟು ಸುಂಕದ ಕಟ್ಟೆಗಳು! ಮಲೆನಾಡಿನ ಅಡಿಕೆ ಮೆಣಸುಗಳನ್ನು ಹೇರಿಕೊಂಡ ಎತ್ತು ಬಯಲು ಸೀಮೆಯ ಸಂತೆಗೆ ಬರುವುದರೊಳಗೆ ಎಷ್ಟು ಕಡೆ ನಿಲ್ಲಬೇಕಾಗಿತ್ತೋ ಲೆಕ್ಕ ಹಾಕಿರಿ. ಬೀಗ ಹಾಕಲು ಬಾಗಿಲೊಂದೇ ಸಾಲದು, ಸುತ್ತಲೂ ಗೋಡೆಯೂ ಬೇಕು. ನಮ್ಮಲ್ಲಿ ಆ ಗೋಡೆಯೇ ಇರಲಿಲ್ಲ.

ಹಾಗಾದರೆ ಏನೂ ಆಗುತ್ತಿರಲಿಲ್ಲವೆ? ಹಾಗೂ ಅಲ್ಲ. ಗೋವೆಗೆ ನಮ್ಮ ಅಕ್ಕಿ ಬೇಕಾಗಿತ್ತು. ಅದು ಅವರ ಹೊಟ್ಟೆಯ ಮಾತು. ಪರದೇಶದವರಿಗೆ ಕೋಠಿಯುಂಟು, ಕೋಟೆಯಿಲ್ಲ. ಎಲ್ಲರಿಗೂ ಒಂದೇ ದರ, ಒಂದೇ ಬಂದರ ಎಂಬ ನಿಯಮವನ್ನು ಶಿವಪ್ಪ ನಾಯಕನ ಅನಂತರದವರು ಮೂವತ್ತು ವರ್ಷ ಬಿಡದೆ ನಡೆಸಿದ್ದರೆ, ಡಚ್ಚರು, ಪೋರ್ತುಗೀಸರು, ಇಂಗ್ಲಿಷರು ಒಬ್ಬರ ಮೇಲೊಬ್ಬರು ಬೆಲೆಯೇರಿಸಬೇಕಾಗಿ ಬರುತ್ತಿತ್ತು. ಇದು ಅವನಿಗೆ ತೆರೆದಿದ್ದ ದಾರಿ. ಆದರೆ 1660ರಲ್ಲಿ ಅವನು ತೀರಿಕೊಂಡ ಮೇಲೆ ಪಟ್ಟಕ್ಕಾಗಿ ಒಳಜಗಳಗಳು ಹುಟ್ಟಿದುವು. 1678ರ ಕರಾರಿನಿಂದ ಪೋರ್ತುಗೀಸರಿಗೆ ಮಂಗಳೂರಿನಲ್ಲಿ ಮತ್ತೆ ಕೋಠಿ ದೊರೆಯಿತು. ಒಬ್ಬ ಶೂರನು ಗಳಿಸಿದುದನ್ನು ಕಾಪಾಡಲು ಒಂದು ಏರ್ಪಾಡು ಬೇಕು. ಆ ಏರ್ಪಾಡು ಜಪಾನಿನಲ್ಲಿತ್ತು, ಇಲ್ಲಿರಲಿಲ್ಲ.

ಇನ್ನೊಂದು ಮಾತನ್ನು ನಗುತ್ತ ಹೇಳೋಣ. ಬಾಗಿಲನ್ನು ಪೂರ್ತಿ ಮುಚ್ಚಿದ್ದರೆ ಈ ನಾಲ್ಕು ತಾಲ್ಲೂಕುಗಳ ಊಟವೇ ಬೇರೆಯಾಗುತ್ತಿತ್ತು. ನಾವು ಮೆಣಸನ್ನು ಕಳುಹಿಸಿದೆವು. ಪರಂಗಿಗಳ ಹಡಗಿನಲ್ಲಿ ಅಮೆರಿಕದ ಮೆಣಸಿನಕಾಯಿ ಬಂದಿತು. ಹೆಸರನ್ನು ನೋಡಿರಿ: ಕಾಯಿಗೂ ಮೆಣಸಿನ ಹೆಸರನ್ನೇ ಇಟ್ಟುಕೊಂಡೆವು. ಪಾವಗಡ, ಸಿರಾಗಳ ರೈತನು ಮಳೆಯನ್ನು ನಂಬಿ ಬಿತ್ತುವ ಕಡಲೆಕಾಯಿಯ ಮೂಲವೂ ಅಮೆರಿಕವೇ. ರಾಗಿಮುದ್ದೆಯ ಪಕ್ಕದ ಖಾರವನ್ನು ಬಿಟ್ಟು ಮುಚ್ಚಿದ ಬಾಗಿಲನ್ನು ಹೊಗಳುವವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದಾರೋ ತಿಳಿಯದು.

ಎರಡನೆಯ ಊಹೆಗೆ ಬರೋಣ. 1763ರಲ್ಲಿ ಹೈದರನು ಬಿದನೂರನ್ನು ಗೆದ್ದಾಗ ಬಯಲು ಸೀಮೆಯೂ ಮಲೆನಾಡೂ ಮಂಗಳೂರಿನ ತೀರವೂ ಮತ್ತೆ ಒಂದೇ ಆಳಿಕೆಗೆ ಬಂದುವು. ಅದಕ್ಕೆ ಎರಡು ವರ್ಷ ಮೊದಲು, 1761ರಲ್ಲಿ, ಸಿರಾ ಅವನ ಕೈಸೇರಿತ್ತು; ಬಸಾಲತ್ ಜಂಗನು ಅವನಿಗೆ ಸಿರಾದ ನವಾಬನೆಂಬ ಪದವಿಯನ್ನಿತ್ತಿದ್ದನು. ಗೋಡೆ ಆಯಿತು, ಬಾಗಿಲೂ ಆಯಿತು. ಅವನ ಮಗ ಟಿಪ್ಪುವು ಬೀಗದ ಕೈಯನ್ನೂ ಹಿಡಿದನು. ಮೆಣಸು, ಗಂಧಗಳ ವ್ಯಾಪಾರವನ್ನು ಸರಕಾರದ ವಶಮಾಡಿಕೊಂಡು ಇಂಗ್ಲಿಷರಿಗೆ ಅವು ಸಿಗದಂತೆ ಮಾಡಿದನು. ಮಸ್ಕತ್ತಿನಲ್ಲಿ ಕೋಠಿಯನ್ನಿಟ್ಟು ಅಕ್ಕಿ, ಮೆಣಸು, ಏಲಕ್ಕಿ, ಗಂಧಗಳನ್ನು ಕಳುಹಿಸಿದನು. ತುರುಕಿಯ ಸುಲ್ತಾನನ ಬಳಿಗೂ ಫ್ರಾನ್ಸಿನ ದೊರೆಯ ಬಳಿಗೂ ರಾಯಭಾರಿಗಳನ್ನು ಅಟ್ಟಿದನು. 1793-94ರ ಅವನ ವ್ಯಾಪಾರದ ಕಟ್ಟಳೆಯಲ್ಲಿ ಒಂದು ಸೊಗಸಾದ ಅಂಶವಿದೆ: ಪ್ರಜೆಗಳು ಸರಕಾರದ ವ್ಯಾಪಾರದಲ್ಲಿ ಹಣ ತೊಡಗಿಸಬಹುದು, ಸಣ್ಣ ಮೊತ್ತ ಹಾಕಿದವರಿಗೆ ಲಾಭದ ದರ ಹೆಚ್ಚು, ದೊಡ್ಡ ಮೊತ್ತದವರಿಗೆ ಕಡಮೆ. ಸಹಕಾರ ಸಂಘಗಳನ್ನು ಬಲ್ಲ ನಮಗೆ ಇದು ತಲೆದೂಗಿಸುವ ಮಾತು.

1784ರ ಮಂಗಳೂರಿನ ಕೌಲು ಇಪ್ಪತ್ತೈದು ವರ್ಷ ನಿಂತಿದ್ದರೆ, ಯುದ್ಧವಿಲ್ಲದೆ ಈ ವ್ಯಾಪಾರ ನಡೆದಿದ್ದರೆ, ಏನಾಗುತ್ತಿತ್ತು? ಒಳ್ಳೆಯದು ಬಹಳವಾಗುತ್ತಿತ್ತೆಂದು ನಂಬಲು ಆಧಾರವಿದೆ. ಸ್ವಂತ ಹಡಗು, ಸ್ವಂತ ಕೋಠಿ, ಸ್ವಂತ ಸುಂಕ ಎಂಬ ಮೂರು ಸಾಮಗ್ರಿಗಳೂ ಕೂಡಿದ್ದುವು. ಆದರೆ ನಮ್ಮ ಮೂರನೆಯ ಕಟ್ಟುಪಾಡು ಇದೆಯಷ್ಟೆ, ಅಹಿತವಾದುದನ್ನೂ ಬರೆದುಕೊಳ್ಳಬೇಕು. ಅದನ್ನು ಬರೆದುಕೊಳ್ಳಬೇಕಾದವರು ಬೇರೆ ಯಾರೂ ಅಲ್ಲ, ಸಿರಾದವರು. ಮೊಗಲರ ಸುಬೇದಾರ ದಿಲಾವರ ಖಾನನ ಕಾಲದಲ್ಲಿ ಸಿರಾ ನಗರದಲ್ಲಿ 50,000 ಮನೆಗಳಿದ್ದುವೆಂದು ಹೇಳುತ್ತಾರೆ. ಅವನ ಅರಮನೆಯ ಮಾದರಿಯಲ್ಲಿಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳ ಅರಮನೆಗಳು ಎದ್ದುವೆಂದೂ ಪ್ರತೀತಿ. ಶ್ರೀರಂಗಪಟ್ಟಣದ ಗಂಜಾಮನ್ನು ತುಂಬುವುದಕ್ಕಾಗಿ ಟಿಪ್ಪುವು ಆ ಸಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಕರೆದೊಯ್ದನೆಂದು ಗೆಜೆಟಿಯರುಗಳು ಬರೆದಿವೆ. ಮಗ್ಗ, ಅಂಗಡಿ, ಮನೆದೇವರು, ಎಲ್ಲವನ್ನೂ ಬಿಟ್ಟು ನಡೆದ ಆ ಜನರನ್ನು ಒಬ್ಬರಾದರೂ ಕೇಳಿದರೆ? ರಾಜಧಾನಿಯ ಸಂತೆ ತುಂಬಿತು, ಸಿರಾದ ಸಂತೆ ಬರಿದಾಯಿತು. 1800ರಲ್ಲಿ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ನಮ್ಮ ಸೀಮೆಯನ್ನು ಸುತ್ತಿದಾಗ ಕಪ್ಪು ಮರಳಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳನ್ನೂ ಉಕ್ಕು ಮಾಡುವವರನ್ನೂ ಕಂಡು ವಿವರವಾಗಿ ಬರೆದನು. ಕೈಕಸುಬು ಇನ್ನೂ ಉಳಿದಿತ್ತು. ಆದರೆ ಸಿರಾ ತನ್ನ ಹಿಂದಿನ ವೈಭವದ ನೆರಳಾಗಿತ್ತು.

ದೊರೆಯು ಶೂರನಾಗಿರಬಹುದು, ವಿದೇಶೀಯರಿಗೆ ಮಣಿಯದವನಾಗಿರಬಹುದು; ಆದರೆ ವ್ಯಾಪಾರಿಯನ್ನು ಸೈನ್ಯದಂತೆ ಆಜ್ಞೆಯಿಂದ ನಡೆಸಹೊರಟರೆ, ಹೊರಗಿನ ಬಾಗಿಲಿನ ಬೀಗ ಭದ್ರವಾದರೂ ಒಳಗಿನ ಮನೆ ಹಾಳಾಗುತ್ತದೆ. ಆ ಇಪ್ಪತ್ತೈದು ವರ್ಷಗಳ ಶಾಂತಿ ದೊರೆತಿದ್ದರೂ ಈ ದೋಷ ತಾನಾಗಿ ಹೋಗುತ್ತಿರಲಿಲ್ಲ. ಶಾಂತಿಯಂತೂ ದೊರೆಯಲಿಲ್ಲ. 1792ರಲ್ಲಿ ಅರ್ಧ ರಾಜ್ಯವೂ 3 ಕೋಟಿ 30 ಲಕ್ಷ ರೂಪಾಯಿಗಳ ದಂಡವೂ ಹೋದುವು. 1799ರಲ್ಲಿ ಪ್ರಾಣವೂ ಹೋಯಿತು.

1799ರ ಹಂಚಿಕೆಯಲ್ಲಿ ಕನ್ನಡ ಜಿಲ್ಲೆಯೆಂದು ಕರೆಯಲ್ಪಟ್ಟ ಕರಾವಳಿಯನ್ನು ಕಂಪೆನಿಯು ತಾನೇ ಇಟ್ಟುಕೊಂಡಿತು. ಘಟ್ಟದ ಮೇಲಿನ ಮೈಸೂರಿಗೆ ಒಂದು ಬಂದರವೂ ಉಳಿಯಲಿಲ್ಲ. ಆದರೆ ವರ್ಷಕ್ಕೆ 7 ಲಕ್ಷ ವರಹ, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಪೊಗದಿಯನ್ನು ನಗದಾಗಿ ತೆರಬೇಕಾಯಿತು. ಅಮಲ್ದಾರರು ಇಷ್ಟು ಹಣವನ್ನು ಎತ್ತಿಕೊಡುತ್ತೇವೆಂದು ಶರತ್ತು ಬರೆದುಕೊಟ್ಟು ತಾಲ್ಲೂಕುಗಳನ್ನು ವಹಿಸಿಕೊಳ್ಳುವ ಪದ್ಧತಿ ಬೆಳೆಯಿತು. ಧಾನ್ಯದ ಬೆಲೆ ಬಿದ್ದಾಗಲೂ ಶರತ್ತಿನ ಮೊತ್ತ ಬೀಳಲಿಲ್ಲ. 1830ರಲ್ಲಿ ನಗರದ ಸೀಮೆಯ ರೈತರು ಎದ್ದರು. ಅವರ ಮುಂದಾಳಾಗಿ ನಿಂತ ಬೂದಿ ಬಸವಪ್ಪನು ತಾನು ಕೆಳದಿಯ ವಂಶದ ವಾರಸುದಾರನೆಂದು ಹೇಳಿಕೊಂಡನು. ವೀರಮ್ಮಾಜಿಯ ರಾಜ್ಯ ಹೋಗಿ 67 ವರ್ಷವಾದರೂ ಆ ಹೆಸರಿಗೆ ಜನರು ಎದ್ದು ನಿಂತರು. 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಅದು ಮರಳಿ ಬಂದುದು 1881ರಲ್ಲಿ.

ಆಗಲೂ ಕರಾವಳಿ ಮೈಸೂರಿನೊಡನೆಯೇ ಇದ್ದಿದ್ದರೆ ಈ ದಂಗೆ ತಪ್ಪುತ್ತಿತ್ತೆ? ಬಂದರದ ಸುಂಕ ಬರುತ್ತಿದ್ದರೆ ಭೂಮಿಯ ಮೇಲಿನ ಭಾರ ಇಳಿಯುತ್ತಿತ್ತೆಂದು ವಾದಿಸಬಹುದು. ನಾವೂ ಮೊದಲು ಹಾಗೆಯೇ ವಾದಿಸಿದ್ದೆವು. ಆದರೆ ಎದುರು ಪಕ್ಷದ ಸಾಕ್ಷಿಯನ್ನು ಮುಚ್ಚಿಡಲಾಗದು. ಅದೇ 1830-31ರಲ್ಲಿ ಘಟ್ಟದ ಕೆಳಗೆ, ಬಂದರಗಳಿದ್ದ ಕನ್ನಡ ಜಿಲ್ಲೆಯಲ್ಲಿಯೂ, ಕಂಪೆನಿಯ ಆಡಳಿತದಲ್ಲಿಯೇ, ರೈತರು ಕೂಟಗಳನ್ನು ಕಟ್ಟಿ ಕಂದಾಯ ಕೊಡುವುದಿಲ್ಲವೆಂದು ಕುಳಿತರು. ಬಂದರವಿದ್ದ ಕಡೆಯೂ ದಂಗೆ, ಇಲ್ಲದ ಕಡೆಯೂ ದಂಗೆ! ಘಟ್ಟದ ಮೇಲೆ ಅರಸರ ಅಮಲು, ಕೆಳಗೆ ಕಂಪೆನಿಯ ಅಮಲು. ಮೇಲೂ ಕೆಳಗೂ ಒಂದೇ ವರ್ಷ, ಒಂದೇ ನೋವು, "ಕೂಟ" ಎಂಬ ಒಂದೇ ಮಾತು. ಬಂದರವೊಂದರಿಂದಲೇ ರೈತನು ಬದುಕುವುದಿಲ್ಲವೆಂದು ಇದರಿಂದ ತಿಳಿಯುತ್ತದೆ. ಜೊತೆಗೆ, ನಕ್ಷೆಯ ಮೇಲೆ ಗೆರೆ ಎಳೆದು ಎರಡು ಮಾಡಿದ ನಾಡು ಅನುಭವದಲ್ಲಿ ಒಂದೇ ಆಗಿತ್ತೆಂಬುದೂ ತಿಳಿಯುತ್ತದೆ. ಇವೆರಡನ್ನೂ ಒಟ್ಟಿಗೆ ಹೇಳದ ಉಪಾಧ್ಯಾಯನು ಅರ್ಧ ಪಾಠವನ್ನೇ ಹೇಳಿದಂತೆ.

ಜಪಾನಿನ ಕಡೆಗೆ ಮತ್ತೊಮ್ಮೆ ತಿರುಗೋಣ. ಬೀಗ ಹಾಕಿದ ಆ ಮನೆಯಲ್ಲಿ ರೈತನು ಸುಖವಾಗಿದ್ದನೆ? 1780ರ ದಶಕದ ಘೋರ ಕ್ಷಾಮದಲ್ಲಿ ಅಸಂಖ್ಯ ಜನರು ಸತ್ತರು. 1787ರಲ್ಲಿ ಎದೊ ನಗರದಲ್ಲಿ ಜನರು ಅಕ್ಕಿಯ ಅಂಗಡಿಗಳನ್ನು ಒಡೆದರು. 1837ರಲ್ಲಿ ಓಸಾಕಾದಲ್ಲಿ ಓಶಿಯೊ ಎಂಬ ಮಾಜಿ ಅಧಿಕಾರಿಯೇ ಹಸಿದವರ ಪರವಾಗಿ ದಂಗೆಯೆದ್ದನು. 1853ರಲ್ಲಿ ಅಮೆರಿಕದ ಪೆರಿ ಕಪ್ಪು ಹಡಗುಗಳೊಡನೆ ಬಂದನು. 1858ರ ಕೌಲುಗಳಿಂದ ಪರದೇಶದವರ ತಪ್ಪನ್ನು ವಿಚಾರಿಸುವ ಅಧಿಕಾರವೂ ಸುಂಕವನ್ನು ಗೊತ್ತುಮಾಡುವ ಅಧಿಕಾರವೂ ಜಪಾನಿನ ಕೈಬಿಟ್ಟುವು. ಬಂದರಗಳು ತೆರೆದ ಕೂಡಲೇ ಅಲ್ಲಿಯ ಚಿನ್ನ ಅಗ್ಗವೆಂದು ಕಂಡ ವರ್ತಕರು ಅದನ್ನು ಹೊರಸಾಗಿಸಿದರು. ರೇಷ್ಮೆ ಹೊರಗೆ ಹೋಗಿ ನೇಕಾರನಿಗೆ ನೂಲಿಲ್ಲದಾಯಿತು. ಅಕ್ಕಿಯ ಬೆಲೆ ಏರಿತು. 1866ರಲ್ಲಿ ನಗರಗಳಲ್ಲಿ ಮತ್ತೆ ದೊಂಬಿಗಳಾದುವು. ಇನ್ನೂರು ವರ್ಷ ಹಾಕಿದ್ದ ಬೀಗ ಐದು ವರ್ಷಗಳಲ್ಲಿ ಕಳಚಿತೆಂದ ಮೇಲೆ, ಜಪಾನನ್ನು ಕಾಪಾಡಿದುದು ಬೀಗವೆಂದು ಹೇಳುವುದು ಹೇಗೆ?

ಕಾಪಾಡಿದುದು ಬೇರೆ. ಆ ಎರಡು ಶತಮಾನಗಳಲ್ಲಿ ದೇಶದೊಳಗೆ ರಸ್ತೆಗಳಾಗಿದ್ದುವು, ಒಂದೇ ಮಾರುಕಟ್ಟೆ ಬೆಳೆದಿತ್ತು, ಹಳ್ಳಿಹಳ್ಳಿಗಳಲ್ಲಿ ಓದುಬರಹ ಹಬ್ಬಿತ್ತು. ಪ್ರಾಂತಗಳವರು ಜಗಳವಾಡಿದರೂ ತಾವೆಲ್ಲರೂ ಒಂದು ನಾಡಿನವರೆಂಬ ಭಾವವಿತ್ತು. ಆದುದರಿಂದಲೇ 1868ರ ಪರಿವರ್ತನೆಯ ಅನಂತರ ಅವರು ಸುಧಾರಿಸಿಕೊಂಡು, 1899ರಲ್ಲಿ ನ್ಯಾಯಾಧಿಕಾರವನ್ನೂ 1911ರಲ್ಲಿ ಸುಂಕದ ಪೂರ್ಣ ಅಧಿಕಾರವನ್ನೂ ಹಿಂದಕ್ಕೆ ಪಡೆದರು. 1898ರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಮೆಚ್ಚಿ ಬಂದುದು ಮುಚ್ಚಿದ ಬಾಗಿಲನ್ನಲ್ಲ. ಅಲ್ಲಿಯ ಪಾಠಶಾಲೆಗಳನ್ನು, ಕಾರ್ಖಾನೆಗಳನ್ನು. ಬೆಂಗಳೂರಿನಲ್ಲಿ ಜಮ್‌ಸೆಟ್ಜಿ ತಾತಾ ಅವರು ರೇಷ್ಮೆಯ ತೋಟವನ್ನಿಟ್ಟಾಗ ಜಪಾನೀಯರನ್ನೇ ಕರೆಸಿ ಅವರ ವಿಧಾನವನ್ನು ಕಲಿಸಿದರು. ಕಲಿಯಲು ಬಾಗಿಲು ತೆರೆದಿರಬೇಕು. ಆದರೆ ಅದೇ ಜಪಾನು ಗಳಿಸಿದ ಬಲವನ್ನು ಕೊರಿಯಾ, ಚೀನಾಗಳ ಮೇಲೆ ಪ್ರಯೋಗಿಸಿ 1945ರಲ್ಲಿ ಬಿದ್ದುದನ್ನೂ ಮಕ್ಕಳಿಗೆ ಹೇಳದೆ ಬಿಡಬಾರದು. ಬೀಗದ ಕೈಯನ್ನು ಕಾಪಾಡಿಕೊಂಡವನೇ ಪಕ್ಕದ ಮನೆಯ ಬಾಗಿಲನ್ನು ಒಡೆದನು. ಮೆಚ್ಚಬೇಕಾದುದನ್ನು ಮೆಚ್ಚೋಣ, ಪೂಜಿಸುವುದು ಬೇಡ.

ಆದುದರಿಂದ ಕೊರಟಗೆರೆಯ ಆ ಉಪಾಧ್ಯಾಯರಿಗೆ ನಮ್ಮ ಉತ್ತರವಿದು. ಕನ್ನಡ ನಾಡು ಬಾಗಿಲನ್ನು ಮುಚ್ಚಿದ್ದರೆ ಉಳಿಯುತ್ತಿತ್ತೆಂಬುದಕ್ಕೆ ಸಾಕ್ಷ್ಯವಿಲ್ಲ. ಮುಚ್ಚುವ ಶಕ್ತಿಯೇ ಒಡೆದ ನಾಡಿಗೆ ಇರಲಿಲ್ಲ. ನಾಡು ಒಂದಾಗಿದ್ದರೆ ಮುಚ್ಚಬೇಕಾದ ಅಗತ್ಯವೂ ಇರುತ್ತಿರಲಿಲ್ಲ. ನ್ಯಾಯವಾದ ಬೆಲೆಗೆ ತೆರೆಯಬಹುದಾಗಿತ್ತು. ಆದರೆ ಬರಿಯ ಒಂದಾಗುವಿಕೆಯೂ ಸಾಲದು. ಹೈದರನ ಕೈಕೆಳಗೆ ನಾಡು ಒಂದಾಗಿತ್ತಷ್ಟೆ. ಆ ಒಂದಾದ ನಾಡಿನಲ್ಲಿಯೇ ರಾಣಿಯೊಬ್ಬಳು ಮಧುಗಿರಿಯಲ್ಲಿ ಸೆರೆಯಾಗಿದ್ದಳು. ಅದೇ ನಾಡಿನಲ್ಲಿಯೇ ಅನಂತರ 12,000 ಕುಟುಂಬಗಳು ಸಿರಾವನ್ನು ಬಿಟ್ಟು ನಡೆದುವು. ಬಲದಿಂದ ಕೂಡಿಸಿದುದನ್ನು ಹೆಚ್ಚಿನ ಬಲವುಳ್ಳವನು 1799ರಲ್ಲಿ ಬಿಡಿಸಿಹಾಕಿದನು.

1956ನೆಯ ನವೆಂಬರ್ 1ರಂದು ಆದುದು ಬೇರೆ ಬಗೆಯ ಕೂಡುವಿಕೆ. 1799ರ ಗೆರೆ, ಕನ್ನಡ ಜಿಲ್ಲೆಯನ್ನೇ ಎರಡಾಗಿ ಸೀಳಿ ಉತ್ತರವನ್ನು ಮುಂಬಯಿಗೆ ಕೊಟ್ಟ 1862ರ ಗೆರೆ, ಇವೆರಡನ್ನೂ ಅಳಿಸಿದುದು ಕತ್ತಿಯಲ್ಲ. ಜನರು ಕೇಳಿ ಪಡೆದುದು. ಆದರೂ ಕಾಗದದ ಮೇಲಿನ ಗೆರೆ ಅಳಿದ ದಿನವೇ ಕೆಲಸ ಮುಗಿಯಲಿಲ್ಲ. ಹಾಸನದಿಂದ ಮಂಗಳೂರಿಗೆ ಘಟ್ಟವಿಳಿದು ರೈಲು ಓಡಲು 1979ರವರೆಗೆ ಕಾಯಬೇಕಾಯಿತು. ಗಡಿಯಾಚೆ ಕಾಸರಗೋಡಿನಲ್ಲಿ ಕನ್ನಡಿಗರು ಉಳಿದರು. ಗಡಿಯೀಚೆ ನಮ್ಮ ಪಾವಗಡದಲ್ಲಿ ತೆಲುಗನ್ನು ಮನೆಮಾತಾಗಿ ಉಳ್ಳ ನೆರೆಯವರಿದ್ದಾರೆ. ಅಲ್ಲಿಯ ನಮ್ಮವರಿಗೆ ನಾವು ಬಯಸುವ ಗೌರವವನ್ನೇ ಇಲ್ಲಿಯ ಅವರಿಗೆ ಕೊಡಬೇಕಾದುದು ಧರ್ಮ. ಅದು ವ್ಯಾಪಾರದ ನ್ಯಾಯವೂ ಹೌದು, ಏಕೆಂದರೆ ಪಾವಗಡದ ಸಂತೆ ಎರಡು ನುಡಿಗಳಲ್ಲಿಯೂ ಚೌಕಾಸಿ ಮಾಡುತ್ತದೆ.

ಈ ಸಂಜೆ ಮನೆಗೆ ಹೋಗುವಾಗ ಉಪಾಧ್ಯಾಯ ಬಂಧುಗಳು ಒಂದು ಕೆಲಸವನ್ನು ತಲೆಯಲ್ಲಿಟ್ಟುಕೊಂಡು ಹೋಗಬೇಕೆಂದು ಬೇಡುತ್ತೇವೆ. ಮಕ್ಕಳನ್ನು ಈ ಬೆಟ್ಟಕ್ಕೆ, ಸಿರಾದ ಕೋಟೆಗೆ, ಚನ್ನರಾಯನದುರ್ಗಕ್ಕೆ, ಪಾವಗಡದ ದುರ್ಗಕ್ಕೆ ಕರೆದುಕೊಂಡು ಹೋಗಿರಿ. ಬುರುಜುಗಳನ್ನು ತೋರಿಸಿದರೆ ಸಾಲದು, ಸಂತೆಗೂ ಕರೆದೊಯ್ಯಿರಿ. ಈ ಕಡಲೆಕಾಯಿ ಎಲ್ಲಿಗೆ ಹೋಗುತ್ತದೆ, ಇದರ ಬೆಲೆಯನ್ನು ಗೊತ್ತುಮಾಡುವವರು ಯಾರು, ಬೆಳೆದವನನ್ನು ಅವರು ಕೇಳಿದರೆ ಎಂದು ಮಕ್ಕಳ ಬಾಯಿಂದಲೇ ಪ್ರಶ್ನೆ ಹುಟ್ಟಲಿ. ಶಿಮಾಬಾರಾದ ರೈತನನ್ನು ಯಾರೂ ಕೇಳಲಿಲ್ಲ, ಸಿರಾದ ನೇಕಾರನನ್ನು ಯಾರೂ ಕೇಳಲಿಲ್ಲ, ನಗರದ ಕೂಟದವರನ್ನು ಅವರು ಎದ್ದು ನಿಂತ ಮೇಲೆ ಮಾತ್ರ ಕೇಳಿದರು. ಈ ಪ್ರಶ್ನೆಯನ್ನು ದಂಗೆಗೆ ಮೊದಲೇ ಕೇಳಲು ಕಲಿತ ಮಕ್ಕಳ ಕೈಗೆ ನಾಡಿನ ಬೀಗದ ಕೈಯನ್ನು ಧೈರ್ಯವಾಗಿ ಒಪ್ಪಿಸಬಹುದು.